ಮಿದುಳಿನ ‘ಸಾಕು’ ಮತ್ತು ಬೊಕ್ಕಸದ ‘ಇನ್ನಷ್ಟು’

‘ಗಿಡಮೂಲಿಕೆ ತಾನೆ, ಏನೂ ಆಗಲ್ಲ’ ಎನ್ನುವವರು ಒಂದು ಕಡೆ, ‘ಒಂದು ದಮ್ಮು ಎಳೆದರೆ ಹುಚ್ಚು ಖಚಿತ’ ಎನ್ನುವವರು ಇನ್ನೊಂದು ಕಡೆ. ಗಾಂಜಾ ಮಾರಾಟಕ್ಕೆ ಕಾನೂನಿನ ಒಪ್ಪಿಗೆ ಕೊಡುವ ಚರ್ಚೆ ಎಲ್ಲೇ ನಡೆಯಲಿ, ಈ ಎರಡೇ ದನಿ ಜೋರು. ದತ್ತೂರಿಯೂ ಗಿಡವೇ ಎಂದರೆ ಮೊದಲಿನವರು ಸುಮ್ಮನಾಗಬೇಕು. ಎರಡನೆಯವರಿಗೆ ಉತ್ತರ ಕೊಡಲು ಮಾತ್ರ ಮಿದುಳಿನೊಳಗೆ ಇಣುಕಬೇಕು.

1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೋನಿ ಗಾಂಜಾದ ಅಮಲಿನ ಮೂಲವಾದ ಟಿಎಚ್‌ಸಿಯನ್ನು ಬೇರ್ಪಡಿಸಿದರು. ಸಂಶೋಧನೆಗೆ ಬೇಕಾದ ಐದು ಕಿಲೋ ಹಶೀಶನ್ನು (ಗಾಂಜಾ ಗಿಡದ ಅಂಟಿನಿಂದಾದ ಅಮಲು ಪದಾರ್ಥ) ಮೆಶೂಲಮ್ ಪೊಲೀಸರಿಂದಲೇ ಪಡೆದು, ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ತಂದಿದ್ದರಂತೆ! 1992ರಲ್ಲಿ ಅವರ ತಂಡ ಹಂದಿಯ ಮಿದುಳಿನಲ್ಲಿ ಟಿಎಚ್‌ಸಿಯಂತೆಯೇ ಕೆಲಸಮಾಡುವ ವಸ್ತುವೊಂದನ್ನು ಕಂಡುಹಿಡಿಯಿತು. ಅದಕ್ಕಿಟ್ಟ ಹೆಸರು ಆನಂದಮೈಡ್. ಸಂಸ್ಕೃತದ ‘ಆನಂದ’ವೇ ಅದು.

ಈ ಆನಂದದ ನಡಿಗೆ ವಿಚಿತ್ರ. ನರಕೋಶಗಳ ನಡುವೆ ಸಂದೇಶ ಸಾಮಾನ್ಯವಾಗಿ ಮುಂದಕ್ಕೇ ಹರಿಯುತ್ತದೆ. ಆನಂದಮೈಡ್ ಮತ್ತು ಅದರ ಬಂಧುಗಳು ಹಿಂದಕ್ಕೆ ಈಜುತ್ತವೆ. ಗದ್ದೆಯ ಕೊನೆಯಲ್ಲಿ ನಿಂತವನು ತೂಬಿನ ಬಳಿ ಇರುವವನಿಗೆ ‘ನೀರು ಸಾಕು’ ಎಂದು ಕೂಗಿದ ಹಾಗೆ. ಊಟಕ್ಕೆ ಕೂತವರು ಬಡಿಸುವವರಿಗೆ ಕೈ ಅಡ್ಡ ಹಿಡಿದ ಹಾಗೆ. ಸಂದೇಶ ಪಡೆಯುವ ಕೋಶವೇ ಕಳಿಸುವ ಕೋಶಕ್ಕೆ ‘ನಿಧಾನ’ ಎನ್ನುತ್ತದೆ. ಎಲ್ಲಿ ಬೇಕೋ ಅಲ್ಲಿ ಮಾತ್ರ, ಎಷ್ಟು ಹೊತ್ತು ಬೇಕೋ ಅಷ್ಟೇ. ಆಮೇಲೆ ಕಿಣ್ವ ಬಂದು ಆ ಕೂಗನ್ನು ಅಳಿಸಿಬಿಡುತ್ತದೆ. ಟಿಎಚ್‌ಸಿ ಬಂದರೆ ಊರಿನ ಎಲ್ಲ ಗದ್ದೆಗಳಲ್ಲೂ ಒಟ್ಟಿಗೆ, ಗಂಟೆಗಟ್ಟಲೆ ‘ಸಾಕು, ಸಾಕು’ ಎಂಬ ಕೂಗು. ನೆನಪು ಜಾರುತ್ತದೆ, ಹೊತ್ತು ಹಿಗ್ಗುತ್ತದೆ. ಉಸಿರಾಟ ನಡೆಸುವ ಮಿದುಳಕಾಂಡದಲ್ಲಿ ಈ ಕೂಗು ಕೇಳುವ ಗ್ರಾಹಿಗಳು ವಿರಳ. ಹಾಗಾಗಿ ಅಫೀಮಿನಂತೆ ಇದು ಉಸಿರು ನಿಲ್ಲಿಸುವುದಿಲ್ಲ. ದಿನವೂ ಕೂಗಿದರೆ ಮಾತ್ರ ಗ್ರಾಹಿಗಳೇ ಕಿವಿ ಮುಚ್ಚಿಕೊಂಡು ಕಡಿಮೆಯಾಗುತ್ತವೆ. ಬಿಟ್ಟು ಸುಮಾರು ನಾಲ್ಕು ವಾರವಾದರೆ ಬಹುಮಟ್ಟಿಗೆ ಮರಳುತ್ತವೆ.

ಆದ್ದರಿಂದ ಕೇಳಬೇಕಾದದ್ದು ‘ಎಷ್ಟು ಕಡಕ್ಕು, ಎಷ್ಟು ಸಲ’ ಎಂದು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಸರಾಸರಿ ಶೇ. 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ. 12ಕ್ಕೇರಿತ್ತು, ಈಗ ಅಂಗಡಿಯಲ್ಲಿ ಸಿಗುವ ಸಾರಗಳಲ್ಲಿ ಶೇ. 60ನ್ನೂ ಮೀರುತ್ತದೆ. ಯುರೋಪ್ ಮತ್ತು ಬ್ರೆಜಿಲಿನ 11 ಸ್ಥಳಗಳ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಟಿಎಚ್‌ಸಿ ಶೇ. 10 ಅಥವಾ ಹೆಚ್ಚಿರುವ ಗಾಂಜಾವನ್ನು ದಿನವೂ ಬಳಸುವವರಲ್ಲಿ ಸೈಕೋಸಿಸ್ (ಭ್ರಮೆಗಳಲ್ಲಿ ವಾಸ್ತವದ ಅರಿವು ತಪ್ಪುವ ಮನೋರೋಗ) ಸಂಭವ, ಎಂದೂ ಬಳಸದವರಿಗಿಂತ ಸುಮಾರು ಐದು ಪಟ್ಟು. ಗಾಂಜಾವೇ ಪೂರ್ತಿ ಕಾರಣವೇ ಎಂಬ ವಾದ ಮುಗಿದಿಲ್ಲ, ಆದರೆ ಕಡೆಗಣಿಸುವ ಸಂಖ್ಯೆಯಲ್ಲ. ನನ್ನನ್ನು ಇನ್ನೂ ಹೆಚ್ಚು ಕಾಡುವುದು ಮಿಠಾಯಿ ರೂಪದ ಗಾಂಜಾ: ಅಮೆರಿಕದ ವಿಷ ನಿಯಂತ್ರಣ ಕೇಂದ್ರಗಳಿಗೆ ವರದಿಯಾದ, ಆರು ವರ್ಷದೊಳಗಿನ ಮಕ್ಕಳು ತಿಂದ ಪ್ರಕರಣಗಳು 2017ರಲ್ಲಿ 207, 2021ರಲ್ಲಿ 3,054.

ಇನ್ನು ದುಡ್ಡು. 2014ರ ಜನವರಿ 1ರಂದು ಗಾಂಜಾ ಮಾರಾಟ ಶುರುಮಾಡಿದ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2021ರ ವಹಿವಾಟು 220 ಕೋಟಿ ಡಾಲರ್ ದಾಟಿತು. ತೆರಿಗೆಯಿಂದ ಶಾಲಾ ಕಟ್ಟಡಗಳು ಎದ್ದವು, ಸಣ್ಣ ತಪ್ಪಿಗೆ ಜೈಲು ಸೇರುವವರು ಕಡಿಮೆಯಾದರು. ಇವು ನಿಜವಾದ ಲಾಭಗಳೇ. ಆದರೆ ಬೆಲೆ ಕುಸಿದಂತೆ 2023ಕ್ಕೆ ವಹಿವಾಟು ಸುಮಾರು 150 ಕೋಟಿಗೆ ಇಳಿಯಿತು. ಮಾಲಿನ ಬಹುಪಾಲು ಕೊಳ್ಳುವವರು ಯಾರು? ನಿತ್ಯ ಬಳಸುವವರು. 2022ರಲ್ಲಿ ಅಮೆರಿಕದಲ್ಲಿ ದಿನವೂ ಅಥವಾ ಹೆಚ್ಚುಕಡಿಮೆ ದಿನವೂ ಗಾಂಜಾ ಬಳಸುವವರು 1.77 ಕೋಟಿ, ಅಷ್ಟೇ ಪದೇ ಪದೇ ಮದ್ಯ ಕುಡಿಯುವವರು 1.47 ಕೋಟಿ. ಅಂದರೆ ವೈದ್ಯರು ಯಾರ ಬಗ್ಗೆ ಚಿಂತಿಸುತ್ತಾರೋ ಅವರ ಮೇಲೆಯೇ ಬೊಕ್ಕಸವೂ ನಿಂತಿದೆ.

ತೂಕಕ್ಕೆ ತೆರಿಗೆ ಹಾಕಿದರೆ ವ್ಯಾಪಾರಿ ಅದೇ ತೂಕದಲ್ಲಿ ಕಡಕ್ಕು ಹೆಚ್ಚಿಸುತ್ತಾನೆ. ಅಮೆರಿಕದ ಇಲಿನಾಯ್ಸ್ ರಾಜ್ಯ ಕಡಕ್ಕಿಗೇ ಕೈ ಹಾಕಿತು: ಟಿಎಚ್‌ಸಿ ಶೇ. 35ರವರೆಗಿದ್ದರೆ ತೆರಿಗೆ ಶೇ. 10, ಮೀರಿದರೆ ಶೇ. 25. ಜಾಣ ದಾರಿ ಎಂದು ನನಗನ್ನಿಸುತ್ತದೆ. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಸರ್ಕಾರ ಇನ್ನೂ ಬಿಗಿಯಾಗಿತ್ತು. 2017ರಲ್ಲಿ ಔಷಧದಂಗಡಿಗಳಲ್ಲಿ, ನೋಂದಾಯಿಸಿಕೊಂಡವರಿಗೆ ಮಾತ್ರ, ಮೃದುವಾದ ಗಾಂಜಾವನ್ನಷ್ಟೇ ಕೊಟ್ಟಿತು. ಕೊಳ್ಳುವವರು ಇದು ಸಾಲದೆಂದರು. 2022ರ ಕೊನೆಗೆ ಶೇ. 15ರವರೆಗೆ ಟಿಎಚ್‌ಸಿ ಇರುವ ತಳಿಯೂ ಅದೇ ಕಪಾಟಿಗೆ ಬಂತು.