ಕೊಳೆಗೆ ಛಲ, ಹಳದಿಗೆ ಲೆಕ್ಕ

ಆಗಸ್ಟ್ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯ ಅಡಿಕೆ ತೋಟಗಳಿಗೆ ಇಳಿದರೆ ಸೋಲು ಬೇರೆ ಬೇರೆ ರೂಪದಲ್ಲಿ ಕಣ್ಣಿಗೆ ಬೀಳುತ್ತದೆ. ಒಂದು ತೋಟದಲ್ಲಿ ಎಳೆಕಾಯಿ ಮರದ ಬುಡದ ತುಂಬ ಉದುರಿರುತ್ತದೆ. ಇನ್ನೊಂದರಲ್ಲಿ ಸೋಗೆ ತುದಿಯಿಂದ ಹಳದಿಯಾಗುತ್ತ ಬಂದಿರುತ್ತದೆ. ಮತ್ತೊಂದರಲ್ಲಿ ಎಲೆ ತುಂಬ ಕಂದು ಚುಕ್ಕೆ. ಮೂರೂ ಮನೆಯವರು ಕೇಳುವುದು ಒಂದೇ: ಈ ತೋಟಕ್ಕೆ ಇನ್ನೂ ದುಡ್ಡು ಹಾಕಬೇಕೋ, ಕೈಬಿಡಬೇಕೋ? ಊರಲ್ಲಿ ಸಿಗುವ ಉತ್ತರ ಎರಡು. "ಹಿಡಿದದ್ದು ಬಿಡಬಾರದು" ಅನ್ನುವವರು ಕೆಲವರು, "ಅಡಿಕೆ ಕಾಲ ಮುಗೀತು ಮಾರಾಯ" ಅನ್ನುವವರು ಕೆಲವರು. ಎರಡೂ ಅವರವರ ಸ್ವಭಾವದಿಂದ ಬಂದ ಮಾತು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಸೋತದ್ದು ಯಾಕೆಂದು ಗೊತ್ತಿದೆಯೇ? ಗೊತ್ತಿದ್ದರೆ ಅದನ್ನು ಸರಿಪಡಿಸುವುದು ನಮ್ಮ ಕೈಯಲ್ಲಿದೆಯೇ? ಇನ್ನೊಮ್ಮೆ ಪ್ರಯತ್ನಪಟ್ಟರೆ ಫಲ ಬಂತೋ ಇಲ್ಲವೋ ಎಂದು ಎಷ್ಟು ದಿನಕ್ಕೆ ತಿಳಿಯುತ್ತದೆ?

ಎಳೆಕಾಯಿ ಉದುರಿಸುವ ಕೊಳೆರೋಗದಿಂದ ಶುರು ಮಾಡೋಣ, ಯಾಕೆಂದರೆ ಛಲ ಹಿಡಿಯಲು ಇದಕ್ಕಿಂತ ಯೋಗ್ಯವಾದ ಸೋಲು ಮಲೆನಾಡಿನಲ್ಲಿ ಇನ್ನೊಂದಿಲ್ಲ. ಇದನ್ನು ತರುವುದು ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. ನೋಡಲು ಶಿಲೀಂಧ್ರದಂತಿದ್ದರೂ ಕುಲದಲ್ಲಿ ಅದು ಕಂದು ಪಾಚಿಗಳಿಗೆ ಹತ್ತಿರ. ಅದರ ಬೀಜಕಣಗಳಿಗೆ ಬಾಲವಿದೆ, ಕಾಯಿಯ ಮೇಲಿನ ನೀರಿನ ಪೊರೆಯಲ್ಲಿ ಅವು ಈಜಿ ತೊಟ್ಟಿನ ಬಳಿ ಒಳಹೊಗುತ್ತವೆ. ಹೀಗಾಗಿಯೇ ಬಿಡದೆ ಸುರಿಯುವ ಮಳೆ, ನಡುನಡುವೆ ಬಿಸಿಲು, 20ರಿಂದ 23 ಡಿಗ್ರಿ ತಂಪು ಸೇರಿದ ವಾರಗಳಲ್ಲಿ ಕೊಳೆ ತೋಟದಿಂದ ತೋಟಕ್ಕೆ ಓಡುತ್ತದೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ವಿವರವಾದ ವರದಿ ಬರೆದರು. ಅದಕ್ಕೆ ತಾಮ್ರ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದು ಇಲ್ಲಿ ರೂಢಿಗೆ ಬಂದದ್ದೂ ಅವರ ಕಾಲದಲ್ಲೇ.

ಬೋರ್ಡೋ ಹೊಡೆದರೂ ಕೊಳೆ ಬಂತು ಎನ್ನುವವರು ಬಹಳ. ಆದರೆ ಅಂಥ ಪ್ರತಿ ಸೋಲಿಗೂ ಹುಡುಕಿದರೆ ಕಾರಣ ಸಿಗುತ್ತದೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ ಕರಗಿಸಬೇಕು. ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡಿ ಸೋಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಪಾತ್ರೆ ಪ್ಲಾಸ್ಟಿಕ್ಕಿನದು ಅಥವಾ ಮಣ್ಣಿನದಾಗಿರಲಿ, ಕಬ್ಬಿಣದ್ದು ಬೇಡ.

ಎಡವಟ್ಟಾಗುವುದು ಹೆಚ್ಚಾಗಿ ಸುಣ್ಣದಲ್ಲಿ. ಚೀಲ ಬಿಚ್ಚಿಟ್ಟು ಹಳತಾದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸೀಮೆಸುಣ್ಣದ ಪುಡಿಯಂತಾಗಿರುತ್ತದೆ, ಅದಕ್ಕೆ ಆಮ್ಲವನ್ನು ತಣಿಸುವ ಶಕ್ತಿ ಅಷ್ಟಾಗಿ ಇರುವುದಿಲ್ಲ. ತೂಕ ಸರಿಯಿದ್ದರೂ ದ್ರಾವಣ ಹುಳಿಯಾಗಿಯೇ ಉಳಿಯುತ್ತದೆ, ಎಳೆಕಾಯಿಯನ್ನು ಸುಡುತ್ತದೆ. ಇದನ್ನು ಕಂಡುಹಿಡಿಯಲು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದೆರಡು ನಿಮಿಷ ದ್ರಾವಣದಲ್ಲಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಲೇಪ ಕೂತಿದ್ದರೆ ಬಿಡಿ ತಾಮ್ರ ಇನ್ನೂ ಇದೆ ಎಂದರ್ಥ. ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬಂದು ಕೂರುವುದೇ ಆ ಕೆಂಪು. ಲೇಪ ಕೂರದಷ್ಟರವರೆಗೆ ಸುಣ್ಣದ ನೀರು ಸೇರಿಸುತ್ತ ಹೋಗಬೇಕು. ತಯಾರಿಸಿದ ದಿನವೇ ಹೊಡೆದು ಮುಗಿಸಬೇಕು. ಮರುದಿನಕ್ಕೆ ಕಣಗಳು ದಪ್ಪಗಾಗಿ ಕಾಯಿಗೆ ಅಂಟುವುದಿಲ್ಲ.

ಎರಡನೆಯ ಎಡವಟ್ಟು ಸಮಯದ್ದು. ತಾಮ್ರ ಕಾಯಿಯ ಮೇಲೆ ಮೊದಲೇ ಇದ್ದರೆ ಮಾತ್ರ ಬೀಜಕಣವನ್ನು ತಡೆಯುತ್ತದೆ, ಒಳಹೊಕ್ಕ ರೋಗವನ್ನು ಅದು ಮುಟ್ಟಲಾರದು. ಮೊದಲ ಔಷಧಿ ಮಳೆ ಹಿಡಿಯುವ ಮುನ್ನ, ಅಂದರೆ ಮೇ ಕೊನೆ, ಜೂನ್ ಮೊದಲಲ್ಲಿ ಆಗಬೇಕು. ಎರಡನೆಯದು 40–45 ದಿನಕ್ಕೆ. ಮಳೆ ಎಳೆದರೆ ಮೂರನೆಯದು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಿಗದೆ ಮೊದಲನೆಯದು ಜೂನ್ ಕೊನೆಗೆ ಹೋದ ತೋಟದಲ್ಲಿ ಔಷಧಿಯನ್ನು ಬೈದು ಫಲವಿಲ್ಲ. ಉದುರಿದ ಕಾಯಿ ಆರಿಸದೆ ಬಿಟ್ಟದ್ದು, ರೋಗ ತಗುಲಿದ ಕೊನೆಯನ್ನು (ಕಾಯಿಗೊಂಚಲನ್ನು) ಮರದಲ್ಲೇ ಉಳಿಸಿದ್ದು ಬೇರೆ ತಪ್ಪುಗಳು. ಹಾಗೆ ಉಳಿದ ಕೊನೆಯಿಂದ ರೋಗ ಸುಳಿಗೆ ಇಳಿದರೆ ಮರವೇ ಹೋಗುತ್ತದೆ.

ಅಂದರೆ ಕೊಳೆಯಲ್ಲಿ ಸೋಲು ತಾನೇ ಪಾಠ ಹೇಳುತ್ತದೆ: ಇಂಥ ಹಂತ ತಪ್ಪಿತು, ಮುಂದಿನ ಮಳೆಗಾಲಕ್ಕೆ ಅದನ್ನು ಸರಿಮಾಡು. ಫಲಿತಾಂಶಕ್ಕೆ ಒಂದೇ ವರ್ಷ ಕಾಯಬೇಕು. ಕಾರಣ ಗೊತ್ತಿದೆ, ಪರಿಹಾರ ಕೈಯಲ್ಲಿದೆ, ಉತ್ತರ ಬೇಗ ಬರುತ್ತದೆ. ಈ ಮೂರೂ ಕೂಡಿರುವ ಕಡೆ ಒಂದೆರಡು ವರ್ಷ ಸೋತೆವೆಂದು ಬಿಡುವುದು ದೊಡ್ಡ ನಷ್ಟ.

ಎಲೆಚುಕ್ಕೆ ರೋಗ ನಡುವಿನದು. ಕೊಲೆಟೋಟ್ರೈಕಮ್, ಫಿಲೋಸ್ಟಿಕ್ಟ ಮುಂತಾದ ಶಿಲೀಂಧ್ರಗಳು ತರುವ ಈ ರೋಗಕ್ಕೆ ಹೆಚ್ಚು ಹಾಳಾದ ಕೆಳಸೋಗೆಗಳನ್ನು ಕಡಿದು ಸುಡುವುದು, ಪ್ರೊಪಿಕೊನಜೋಲ್‌ನಂಥ ಔಷಧಿಯನ್ನು ಲೀಟರಿಗೆ 1 ಮಿಲಿಯಂತೆ ಎಲೆಗೆ ಹೊಡೆಯುವುದು ಶಿಫಾರಸು. ಪರಿಹಾರ ಇದೆ, ಆದರೆ ಅರ್ಧ ಮಾತ್ರ ನಮ್ಮ ಕೈಯಲ್ಲಿ. ಬೀಜಕಣ ಗಾಳಿ ಮಳೆಯಲ್ಲಿ ಪಕ್ಕದ ತೋಟದಿಂದ ಮತ್ತೆ ಬರುತ್ತದೆ. ಇಲ್ಲಿ ಒಬ್ಬರೇ ಎಷ್ಟು ಛಲ ಹಿಡಿದರೂ ದುಡ್ಡು ಸೋರುತ್ತದೆ. ಒಂದು ಕಣಿವೆಯ ತೋಟಗಳೆಲ್ಲ ಒಂದೇ ವಾರದಲ್ಲಿ ಹೊಡೆಯುವುದಾದರೆ ಮುಂದುವರಿಯಬಹುದು.

ಈಗ ಹಳದಿ ಎಲೆ ರೋಗ. ಕೇರಳದಲ್ಲಿ 1914ರಲ್ಲೇ ಇದು ಕಾಣಿಸಿಕೊಂಡಿತ್ತು, ನಮ್ಮಲ್ಲಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ತೋಟಕ್ಕೆ ತೋಟವನ್ನೇ ತಿಂದಿದೆ. ಕಾರಣ ಫೈಟೋಪ್ಲಾಸ್ಮ. ಇದು ಕೋಶಭಿತ್ತಿಯೇ ಇಲ್ಲದ ಅತಿಸಣ್ಣ ಬ್ಯಾಕ್ಟೀರಿಯಾ, ಮರದ ಆಹಾರ ಸಾಗಿಸುವ ನಾಳಗಳೊಳಗೆ ಮಾತ್ರ ಬದುಕುತ್ತದೆ. ಜಿಗಿಹುಳುವಿನಂಥ ಒಂದು ಪುಟ್ಟ ಕೀಟ ರಸ ಹೀರುವಾಗ ಇದನ್ನು ಮರದಿಂದ ಮರಕ್ಕೆ ದಾಟಿಸುತ್ತದೆ. ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಗೊಬ್ಬರ, ಬಸಿಗಾಲುವೆ ಸರಿಮಾಡಿದರೆ ಇಳುವರಿ ಕುಸಿಯುವುದು ನಿಧಾನವಾಗುತ್ತದೆ, ಅಷ್ಟೆ.

ಆದರೆ ಹಳದಿಯಾದದ್ದೆಲ್ಲ ಹಳದಿ ರೋಗವಲ್ಲ. ನೀರು ನಿಂತ ತೋಟವೂ ಹಳದಿಯಾಗುತ್ತದೆ, ಮೆಗ್ನೀಸಿಯಂ ಕಡಿಮೆಯಾದರೂ ಹಳದಿಯಾಗುತ್ತದೆ. ರೋಗದ್ದಾದರೆ ಹೊರಸುತ್ತಿನ ಎರಡು ಮೂರು ಸೋಗೆಗಳಲ್ಲಿ ಎಲೆಯ ತುದಿಯಿಂದ ಹಳದಿ ಇಳಿಯುತ್ತದೆ, ನಡುದಿಂಡಿನ ಪಕ್ಕ ಹಸಿರು ಪಟ್ಟಿ ಉಳಿಯುತ್ತದೆ, ಎರಡು ಬಣ್ಣಗಳ ನಡುವೆ ಗೆರೆ ಎಳೆದಂತೆ ಇರುತ್ತದೆ. ಕಾಯಿ ಕತ್ತರಿಸಿದರೆ ಒಳಗಿನ ತಿರುಳು ಮೆತ್ತಗೆ, ಕಪ್ಪಗೆ. ಬೇರಿನ ತುದಿ ಕೊಳೆತಿರುತ್ತದೆ. ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಸಬಹುದು. ಆದರೆ ಮರದೊಳಗೆ ಈ ಜೀವಿ ಕಡಿಮೆ ಪ್ರಮಾಣದಲ್ಲಿ, ಎಲ್ಲೆಡೆ ಸಮನಾಗಿಲ್ಲದೆ ಇರುವುದರಿಂದ ಒಂದು ಸಲ "ಇಲ್ಲ" ಎಂದು ಬಂದರೆ ಅದೇ ಕೊನೆಯ ಮಾತಲ್ಲ.

ಸಂಶಯವಿದ್ದಾಗ ತೋಟಕ್ಕೆ ಒಂದು ಅವಕಾಶ ಕೊಡಲೇಬೇಕು. ಎಷ್ಟು ದಿನದ ಅವಕಾಶ? ಉತ್ತರ ಮರದಲ್ಲೇ ಇದೆ. ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಬಿಡುತ್ತದೆ, ತಲೆಯಲ್ಲಿ ಇರುವುದು ಎಂಟರಿಂದ ಹನ್ನೆರಡು. ಅಂದರೆ ತಲೆ ಪೂರ್ತಿ ಹೊಸದಾಗಲು ಸುಮಾರು ಒಂದೂವರೆ ವರ್ಷ. ಬಸಿಗಾಲುವೆಯನ್ನು ಬೇರಿನ ಮಟ್ಟಕ್ಕಿಂತ ಆಳ ತೆಗೆದು, ಮರಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ, ಪೊಟ್ಯಾಶ್ 140 ಗ್ರಾಂ, ಜೊತೆಗೆ 12 ಕಿಲೋ ಕೊಟ್ಟಿಗೆ ಗೊಬ್ಬರ, 12 ಕಿಲೋ ಸೊಪ್ಪು ಕೊಟ್ಟು, ಹದಿನೆಂಟು ತಿಂಗಳು ನೋಡಬೇಕು. ಹೊಸ ಸೋಗೆಗಳು ಹಸಿರಾಗಿ ಬಂದು ಹಸಿರಾಗಿಯೇ ಹಳೆಯವಾದರೆ ಅದು ಮಣ್ಣಿನ ತೊಂದರೆ, ತೋಟ ಉಳಿಯಿತು. ಹೊರಸುತ್ತಿಗೆ ಬಂದ ಕೂಡಲೇ ಅವೂ ಹಳದಿಯಾದರೆ, ತಲೆ ಚಿಕ್ಕದಾಗುತ್ತ ಹೋದರೆ, ಉತ್ತರ ಸಿಕ್ಕಿದಂತೆ. ಆರು ತಿಂಗಳಿಗೆ ಕೈಬಿಟ್ಟವರು ಉತ್ತರ ಬರುವ ಮೊದಲೇ ಎದ್ದುಹೋದಂತೆ. ಐದು ವರ್ಷ ಅದೇ ಗೊಬ್ಬರ ಹಾಕುತ್ತಿರುವವರು ಬಂದ ಉತ್ತರವನ್ನು ಓದುತ್ತಿಲ್ಲ.

ಯಾಕೆ ಓದುವುದಿಲ್ಲ? ಮನಶ್ಶಾಸ್ತ್ರಜ್ಞರು ಇದನ್ನು ಹಲವು ಬಗೆಯಲ್ಲಿ ಪರೀಕ್ಷಿಸಿದ್ದಾರೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಡೀ ಋತುವಿನ ನಾಟಕದ ಟಿಕೆಟನ್ನು ಕೆಲವರಿಗೆ ಪೂರ್ತಿ ಬೆಲೆಗೂ ಕೆಲವರಿಗೆ ರಿಯಾಯಿತಿಯಲ್ಲೂ ಮಾರಿದರು. ನಾಟಕ ಅದೇ, ಕುರ್ಚಿ ಅದೇ. ಆದರೂ ಪೂರ್ತಿ ದುಡ್ಡು ಕೊಟ್ಟವರು ಮೊದಲ ಅರ್ಧ ಋತುವಿನಲ್ಲಿ ಹೆಚ್ಚು ನಾಟಕಗಳಿಗೆ ಹೋದರು. ಕೊಟ್ಟ ದುಡ್ಡು ತಿರುಗಿ ಬರುವಂತಿಲ್ಲದಿದ್ದರೂ ಮುಂದಿನ ನಡೆಯನ್ನು ಅದೇ ನಿರ್ಧರಿಸಿತ್ತು.

ಅದಕ್ಕಿಂತ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು 2018ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಕೆಲಸ. ಇಲಿ, ಹೆಗ್ಗಣ, ಮನುಷ್ಯ, ಮೂರರ ಮೇಲೂ ಒಂದೇ ಬಗೆಯ ಪರೀಕ್ಷೆ. ಬಾಗಿಲಲ್ಲಿ ನಿಂತಾಗ "ಬಹುಮಾನ ಸಿಗಲು ಒಳಗೆ ಇಷ್ಟು ಸೆಕೆಂಡು ಕಾಯಬೇಕು" ಎಂಬ ಸೂಚನೆ ಸಿಗುತ್ತದೆ. ಒಪ್ಪಿ ಒಳಗೆ ಹೋದ ಮೇಲೆ ಯಾವಾಗ ಬೇಕಾದರೂ ಎದ್ದು ಬರಬಹುದು. ಒಳಗೆ ಕಾದದ್ದು ಹೆಚ್ಚಿದಷ್ಟೂ ಎದ್ದು ಬರುವುದು ಕಡಿಮೆಯಾಯಿತು. ಬಾಗಿಲಲ್ಲಿ ಯೋಚಿಸುತ್ತ ಕಳೆದ ಹೊತ್ತು ಮಾತ್ರ ಆ ರೀತಿ ಕಟ್ಟಿಹಾಕಲಿಲ್ಲ. ಹಾಗಾಗಿ ನಿಲ್ಲಿಸುವ ಗೆರೆಯನ್ನು ಬಾಗಿಲಲ್ಲೇ ಎಳೆದುಕೊಳ್ಳಬೇಕು. ಒಳಗೆ ಹೋದ ಮೇಲೆ ಎಳೆಯುವ ಗೆರೆ ಹಿಂದೆ ಸರಿಯುತ್ತಲೇ ಇರುತ್ತದೆ.

ಇದು ಬೋರ್‌ವೆಲ್ ಕೊರೆಸುವಾಗ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಮಲೆನಾಡಿನಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕಿನಲ್ಲಿ, ಆಳಕ್ಕೆ ಹೋದಂತೆ ಬಿರುಕು ಕಡಿಮೆಯಾಗುತ್ತದೆ, ಕೊರೆತದ ದರ ಅಡಿಗೆ ಏರುತ್ತದೆ. ಆದರೂ 500 ಅಡಿಯಲ್ಲಿ ಒಣ ಧೂಳು ಹಾರುತ್ತಿರುವಾಗ "ಇನ್ನೊಂದು 50 ಅಡಿ ಹೋಗಲಿ" ಎಂಬ ಮಾತು ಬಂದೇ ಬರುತ್ತದೆ. ಕೊರೆಯುವ ಗಾಡಿ ಬರುವ ಮೊದಲೇ ಸುತ್ತಲಿನವರನ್ನು ಕೇಳಿ. "ಎಷ್ಟು ಅಡಿ ಕೊರೆಸಿದಿರಿ" ಎಂದು ಕೇಳಿ ಪ್ರಯೋಜನವಿಲ್ಲ, "ಎಷ್ಟು ಅಡಿಗೆ ನೀರು ಬಿತ್ತು" ಎಂದು ಕೇಳಬೇಕು. ಅವುಗಳಲ್ಲಿ ಅತಿ ಆಳದ್ದಕ್ಕೆ 50 ಅಡಿ ಸೇರಿಸಿ ಚೀಟಿಯಲ್ಲಿ ಬರೆದು ಮನೆಯ ಇನ್ನೊಬ್ಬರ ಕೈಗೆ ಕೊಡಿ. ಆ ಗೆರೆಯನ್ನು ದಾಟಲು ಹೊಸ ಸುಳಿವು ಬೇಕು: ಧೂಳಿನ ಬಣ್ಣ ಬದಲಾಗುವುದು, ಪುಡಿಯ ಬದಲು ಚೂರು ಬರುವುದು, ತೇವ ಕಾಣುವುದು. ಆಸೆ ಸುಳಿವಲ್ಲ.

ಬಿಡುವುದು ದೌರ್ಬಲ್ಯ ಎಂಬ ಭಾವನೆಯನ್ನೂ ವಿಜ್ಞಾನ ಒಪ್ಪುವುದಿಲ್ಲ. ಅಮೆರಿಕದ ಜನೀಲಿಯ ಸಂಶೋಧನಾ ಕೇಂದ್ರದವರು 2019ರಲ್ಲಿ ಜೀಬ್ರಾಮೀನಿನ ಮರಿಗಳ ಮೇಲೆ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಮೀನನ್ನು ಒಂದೆಡೆ ಹಿಡಿದಿಟ್ಟು, ಬಾಲ ಬಡಿದಾಗ ಅದರ ಕೆಳಗಿನ ಚಿತ್ರ ಹಿಂದಕ್ಕೆ ಓಡುವಂತೆ ಮಾಡಿದರು, ಈಜುತ್ತಿದ್ದೇನೆ ಎಂದು ಅದು ನಂಬುವಂತೆ. ಆಮೇಲೆ ಬಾಲ ಬಡಿದರೂ ಚಿತ್ರ ಅಲುಗದಂತೆ ಮಾಡಿದರು. ಮೀನು ಮೊದಲು ಜೋರಾಗಿ ಬಡಿಯಿತು, ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು, ತಡೆದು ಮತ್ತೆ ಯತ್ನಿಸಿತು. ಮಿದುಳಿನಲ್ಲಿ ನರಕೋಶಗಳಿಗೆ ಆಸರೆ ಎಂದಷ್ಟೇ ತಿಳಿದಿದ್ದ ಗ್ಲಿಯಾ ಕೋಶಗಳು ಒಂದೊಂದು ವ್ಯರ್ಥ ಯತ್ನವನ್ನೂ ಕೂಡಿಸುತ್ತ ಹೋಗಿ, ಲೆಕ್ಕ ತುಂಬಿದಾಗ ಈಜನ್ನು ನಿಲ್ಲಿಸುತ್ತಿದ್ದವು. ಆ ಕೋಶಗಳನ್ನು ಸುಮ್ಮನಾಗಿಸಿದರೆ ಮೀನು ಬಿಡುತ್ತಲೇ ಇರಲಿಲ್ಲ. ಬಿಡುವುದಕ್ಕೆಂದೇ ಮಿದುಳಿನಲ್ಲಿ ಒಂದು ವ್ಯವಸ್ಥೆ ಇದೆ ಎನ್ನುವುದು ನಮಗೆ ಸಮಾಧಾನದ ಸುದ್ದಿ.

ಇನ್ನು ಲೆಕ್ಕ. ರೋಗ ಖಚಿತವಾದ ತೋಟದವರು ಸಾಮಾನ್ಯವಾಗಿ "ಖರ್ಚಾದರೂ ಹುಟ್ಟುತ್ತಿದೆಯಲ್ಲ" ಎಂದು ನೋಡುತ್ತಾರೆ. ಎರಿಕ್ ಚಾರ್ನೋವ್ ಎಂಬ ಜೀವವಿಜ್ಞಾನಿ 1976ರಲ್ಲಿ ಪ್ರಾಣಿಗಳು ಮೇವಿನ ಜಾಗವನ್ನು ಯಾವಾಗ ಬಿಡಬೇಕು ಎಂಬುದಕ್ಕೆ ಸೂತ್ರ ಕೊಟ್ಟರು. ಜಾಗ ಪೂರ್ತಿ ಬರಿದಾಗುವವರೆಗೆ ಕಾಯಬಾರದು, ಅಲ್ಲಿ ಸಿಗುವುದು ಬೇರೆಡೆ ಸರಾಸರಿ ಸಿಗುವುದಕ್ಕಿಂತ ಕೆಳಗಿಳಿದಾಗಲೇ ಹೊರಡಬೇಕು. ಉದಾಹರಣೆಗೆ, ಮರವೊಂದು ಮೊದಲು 2 ಕಿಲೋ ಒಣಅಡಿಕೆ ಕೊಡುತ್ತಿತ್ತು, ಈಗ 600 ಗ್ರಾಂ ಎಂದುಕೊಳ್ಳಿ. ಕಿಲೋಗೆ 450 ರೂಪಾಯಿಯಂತೆ 270 ರೂಪಾಯಿ, ವರ್ಷದ ಖರ್ಚು 200, ಉಳಿಕೆ 70. ಅದೇ ಜಾಗದಲ್ಲಿ ಕಾಫಿ, ಕಾಳುಮೆಣಸು, ಮೊದಲ ವರ್ಷಗಳ ಖರ್ಚನ್ನೂ ಕಳೆದು, ಸರಾಸರಿ ವರ್ಷಕ್ಕೆ 150 ಉಳಿಸುವಂತಿದ್ದರೆ ಆ ಮರ ಲಾಭದಲ್ಲಿದ್ದರೂ ನಷ್ಟವೇ. ಧಾರಣೆ 550ಕ್ಕೆ ಏರಿದರೂ ಉಳಿಕೆ 130. ಈ ಲೆಕ್ಕದಲ್ಲಿ ಹಿಂದೆ ತೋಟ ಮಾಡಲು ಹಾಕಿದ ಬಂಡವಾಳಕ್ಕೆ ಜಾಗವಿಲ್ಲ. ಅಜ್ಜ ನೆಟ್ಟ ತೋಟ ಎಂಬ ಪ್ರೀತಿಗೆ ಜಾಗವಿದೆ, ಅದು ಸಣ್ಣ ಮಾತೂ ಅಲ್ಲ. ಆದರೆ ಅದಕ್ಕೆ ವರ್ಷಕ್ಕೆ ಎಷ್ಟು ಕೊಡಲು ಸಿದ್ಧ ಎಂದು ಬೇರೆ ಸಾಲಿನಲ್ಲಿ ಬರೆದುಕೊಳ್ಳಬೇಕು.

ತೋಟವನ್ನು ಒಂದೇ ಏಟಿಗೆ ಬಿಡಬೇಕಾಗಿಯೂ ಇಲ್ಲ, ಲೆಕ್ಕ ಮರಮರಕ್ಕೆ ಬೇರೆ. ಕೊಯ್ಲಿನ ಹೊತ್ತಿಗೆ ಮರಗಳಿಗೆ ಬಣ್ಣ ಹಚ್ಚಿ ಮೂರು ಗುಂಪು ಮಾಡಿ: ಚೆನ್ನಾಗಿರುವುದು, ಇಳಿಯುತ್ತಿರುವುದು, ಮುಗಿದದ್ದು. ಸುತ್ತ ಎಲ್ಲ ಹಳದಿಯಾಗಿ ವರ್ಷಗಳಾದರೂ ನಡುವೆ ಹಸಿರಾಗಿ ಫಲ ಕೊಡುತ್ತಿರುವ ಮರ ಇದ್ದರೆ ಅದನ್ನು ಯಾವ ಕಾರಣಕ್ಕೂ ಕಡಿಯಬೇಡಿ. ರೋಗ ತಾಳುವ ತಳಿಗಾಗಿ ವಿಜ್ಞಾನಿಗಳು ಹುಡುಕುತ್ತಿರುವುದು ಅಂಥ ಮರಗಳನ್ನೇ. ವಿಟ್ಲದ ತೋಟಬೆಳೆ ಸಂಶೋಧನಾ ಕೇಂದ್ರಕ್ಕೋ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೋ ತಿಳಿಸಿ. ಒಬ್ಬ ಬೆಳೆಗಾರ ಬಿಡಬೇಕಾದ ಕಡೆಯೂ ಸಂಶೋಧನೆ ಬಿಡಬೇಕಿಲ್ಲ, ಅದರ ಲೆಕ್ಕದ ಅವಧಿ ದೊಡ್ಡದು.

ಮುಗಿದ ಮರಗಳ ಜಾಗಕ್ಕೆ ಮತ್ತೆ ಅಡಿಕೆ ಸಸಿ ನೆಡುವುದು ಅದೇ ಪ್ರಯೋಗವನ್ನು ಮತ್ತೆ ಮಾಡಿದಂತೆ, ರೋಗ ಹೊತ್ತ ಕೀಟ ಪಕ್ಕದಲ್ಲೇ ಇದೆ. ಆದರೆ ಕಡಿಯುವ ಮೊದಲು ಎರಡು ಕೆಲಸ ಆಗಬೇಕು. ಮರದ ಮೇಲೆ ಮೆಣಸಿನ ಬಳ್ಳಿ ಇದ್ದರೆ ಬಳ್ಳಿ ಹಬ್ಬಲು ಪಕ್ಕದಲ್ಲಿ ಹಾಲುವಾಣವನ್ನೋ ಸಿಲ್ವರ್ ಓಕನ್ನೋ ಎರಡು ಮೂರು ಮಳೆಗಾಲ ಮುಂಚೆಯೇ ಬೆಳೆಸಿಕೊಂಡಿರಬೇಕು, ಇಲ್ಲದಿದ್ದರೆ ಅಡಿಕೆ ಜೊತೆಗೆ ಬಳ್ಳಿಯೂ ನೆಲಕ್ಕೆ ಬರುತ್ತದೆ. ಕೆಳಗೆ ಕಾಫಿ, ಏಲಕ್ಕಿ ಇದ್ದರೆ ವರ್ಷಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮರ ತೆಗೆಯಬೇಡಿ, ತೆಗೆಯುವುದನ್ನು ಮಳೆ ಹಿಡಿಯುವ ಹೊತ್ತಿಗೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಒಮ್ಮೆಲೇ ಬಿಸಿಲು ಬಿದ್ದರೆ ಏಲಕ್ಕಿ ಒಂದೇ ತಿಂಗಳಿಗೆ ಸುಟ್ಟುಹೋಗುತ್ತದೆ.