ಸಂಹಿತೆ ಇತ್ತು, ಕಂಬಿ ಬಗ್ಗಿಸುವವರಿಗೆ ತಲುಪಲಿಲ್ಲ

ಭೂಕಂಪಕ್ಕೆ ಜಗ್ಗದ ಕಟ್ಟಡದ ಮಾತು ನಮ್ಮಲ್ಲಿ ಪ್ರತಿ ದುರಂತದ ಬಳಿಕ ಹೊಸದಾಗಿ ಶುರುವಾಗುತ್ತದೆ. ಅಸಲಿಗೆ ಅದು ಹಳೆಯದು. 1931ರಲ್ಲಿ ಬಲೂಚಿಸ್ತಾನದ ಮಾಚ್ ನಡುಗಿದ ಮೇಲೆ ರೈಲ್ವೆ ಎಂಜಿನಿಯರ್ ಎಸ್.ಎಲ್. ಕುಮಾರ್ ಕ್ವೆಟ್ಟಾದಲ್ಲಿ ಭೂಕಂಪ ನಿರೋಧಕ ವಸತಿಗೃಹಗಳನ್ನು ರೂಪಿಸಿದರು. 1935ರಲ್ಲಿ ಊರಿಗೆ ಊರೇ ನೆಲಸಮವಾದಾಗ ಅವು ನಿಂತುಕೊಂಡವು. 1960ರಲ್ಲಿ ಜೈ ಕೃಷ್ಣ ಅವರ ಮುಂದಾಳತ್ವದಲ್ಲಿ ರೂರ್ಕಿ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಸಂಶೋಧನೆ ಮತ್ತು ತರಬೇತಿ ಕೇಂದ್ರ ತೆರೆಯಿತು; 1962ರಲ್ಲಿ ಐಎಸ್ 1893, ಅಂದರೆ ಭೂಕಂಪ ತಾಳುವಂತೆ ಕಟ್ಟಡ ವಿನ್ಯಾಸಗೊಳಿಸುವ ಭಾರತೀಯ ಮಾನದಂಡದ ಸಂಹಿತೆ, ಹೊರಬಂತು. ಮಹಾರಾಷ್ಟ್ರದ 1967ರ ಕೊಯ್ನಾ, 1993ರ ಕಿಲ್ಲಾರಿ ಕಂಪನಗಳು ದಖ್ಖನ್ ನೆಲ ಭದ್ರವೆಂಬ ನಂಬಿಕೆಯನ್ನು ಕೆಡವಿದವು. ಕಿಲ್ಲಾರಿಯಂತೂ ಅಂದಿನ ಭೂಕಂಪ ವಲಯಗಳ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು.

ಆದರೂ ನಗರದವರಿಗೆ ದಿಗಿಲು ಹುಟ್ಟಿದ್ದು 2001ರ ಜನವರಿ 26ರಂದು. ಕಂಪನದ ಕೇಂದ್ರ ಗುಜರಾತಿನ ಭುಜ್ ಬಳಿ. ಅಲ್ಲಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಉರುಳಿದವು. ಅವುಗಳಲ್ಲಿ ಬಹಳಷ್ಟಕ್ಕೆ ನೆಲಮಹಡಿಯಲ್ಲಿ ಗೋಡೆಯೇ ಇರಲಿಲ್ಲ, ವಾಹನ ನಿಲ್ಲಿಸಲು ಬರಿಯ ಕಂಬಗಳಿದ್ದವು. ಮೇಲಿನ ಮಹಡಿಗಳು ಗೋಡೆಗಳ ಬಲದಿಂದ ಬಿಗಿಯಾಗಿರುತ್ತವೆ, ಹಾಗಾಗಿ ತೂಗಾಟವೆಲ್ಲ ಕೆಳಗಿನ ಕಂಬಗಳ ಪಾಲಿಗೆ ಬೀಳುತ್ತದೆ. ಆ ಕಂಬಗಳೊಳಗೆ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳ ತುದಿಯನ್ನು 90 ಡಿಗ್ರಿಗೆ ಮಾತ್ರ ಮಡಿಸಿದ್ದರೆ, ಹೊರಗಿನ ಕಾಂಕ್ರೀಟ್ ಉದುರಿದ ಕೂಡಲೇ ರಿಂಗ್ ಬಿಚ್ಚಿಕೊಳ್ಳುತ್ತದೆ. ಉದ್ದನೆಯ ಕಂಬಿಗಳು ಬಾಗುತ್ತವೆ, ಒಳಗಿನ ಕಾಂಕ್ರೀಟ್ ಚೆಲ್ಲುತ್ತದೆ. ತುದಿ 135 ಡಿಗ್ರಿ ಮಡಿದು ಕಂಬದ ಒಡಲೊಳಗೆ ಕಚ್ಚಿಕೊಂಡಿರಬೇಕೆಂದು ಕಂಬಿ ಜೋಡಣೆಯ ಸಂಹಿತೆಯಾದ ಐಎಸ್ 13920 ಹೇಳಿದ್ದು 1993ರಲ್ಲೇ, ಅಂದರೆ ಭುಜ್‌ಗಿಂತ ಎಂಟು ವರ್ಷ ಮೊದಲು.

ಹಾಗಾದರೆ ತಪ್ಪಿದ್ದೆಲ್ಲಿ? ಸಂಹಿತೆ ಮುದ್ರಣವಾದ ಮಾತ್ರಕ್ಕೆ ಕಾನೂನಾಗುವುದಿಲ್ಲ, ಸ್ಥಳೀಯ ಸಂಸ್ಥೆಯ ಕಟ್ಟಡ ನಿಯಮ ಅದನ್ನು ಒಪ್ಪಿಕೊಳ್ಳಬೇಕು. ಅದಕ್ಕಿಂತ ಮುಜುಗರದ ಸಂಗತಿಯೆಂದರೆ, ಸಿವಿಲ್ ಎಂಜಿನಿಯರಿಂಗ್ ಪದವೀಧರರಲ್ಲಿ ಹೆಚ್ಚಿನವರು ಭೂಕಂಪ ಎಂಜಿನಿಯರಿಂಗ್‌ನ ಒಂದು ಕೋರ್ಸನ್ನೂ ಓದದೆ ಹೊರಬರುತ್ತಿದ್ದರು. ಪಾಠ ಮಾಡಬೇಕಾದವರೂ ಅದನ್ನು ಕಲಿತಿರಲಿಲ್ಲ. ಕಾನ್ಪುರ ಐಐಟಿಯ ಭೂಕಂಪ ಎಂಜಿನಿಯರಿಂಗ್ ಮಾಹಿತಿ ಕೇಂದ್ರ ಸರಳ ಚಿತ್ರಗಳ ಕಿರುಪಾಠಗಳನ್ನು ಹಂಚಿತು, ಸಿ.ವಿ.ಆರ್. ಮೂರ್ತಿ ಬರೆದ ಆ ಹಾಳೆಗಳಷ್ಟು ಉಪಕಾರವನ್ನು ಎಷ್ಟೋ ದಪ್ಪ ವರದಿಗಳು ಮಾಡಿಲ್ಲ. 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಕಾಲೇಜು ಅಧ್ಯಾಪಕರಿಗೇ ತರಬೇತಿ ಆರಂಭಿಸಿದವು. ಮೊದಲು ಮೇಷ್ಟರಿಗೆ ಕಲಿಸುವುದು ಸರಿಯಾದ ಕ್ರಮವೇ. ಆದರೆ ಯೋಜನೆ 2007ಕ್ಕೆ ಮುಗಿಯಿತು, ಹೊಸ ಕಾಲೇಜುಗಳು ಮಾತ್ರ ಹುಟ್ಟುತ್ತಲೇ ಹೋದವು.

2016ರಲ್ಲಿ ಎರಡೂ ಸಂಹಿತೆಗಳು ಪರಿಷ್ಕೃತಗೊಂಡು ಇನ್ನಷ್ಟು ಬಿಗಿಯಾದವು. ಇತ್ತ ಕಂಬಿ ಕಟ್ಟುವ ಕೂಲಿ ಅನೇಕ ಕಡೆ ಇಂದಿಗೂ ತೂಕದ ಲೆಕ್ಕದ್ದು, ಮಡಿಕೆಯ ಕೋನಕ್ಕೆ ಅದರಲ್ಲಿ ಬೆಲೆಯಿಲ್ಲ. ಪರಿಶೀಲಿಸುವುದಾದರೆ ಕಾಂಕ್ರೀಟ್ ಸುರಿಯುವ ಮೊದಲೇ ಯಾರಾದರೂ ಕಂಬದ ಬಳಿ ಬಗ್ಗಿ ನೋಡಬೇಕು; ಅನುಮತಿಗೆ ಸಲ್ಲಿಸುವ ನಕ್ಷೆಯಲ್ಲಿ ಆ ಮಡಿಕೆ ಸಿಗುವುದಿಲ್ಲ.