ಓದುಗರ ಪ್ರಶ್ನೆ: ಬ್ಯಾಪ್ಟಿಸ್ಟ್ ಸಭೆ ಸ್ನಾನಿಕ ಯೋಹಾನನಿಂದಲೇ ಶುರುವಾಯಿತು ಅಲ್ವಾ?

ಅಲ್ಲ. ಎಷ್ಟು ಸಲ ಉತ್ತರ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಯೋಹಾನ ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿದ, ನಿಜ. ಆದರೆ ಇವತ್ತಿನ ಬ್ಯಾಪ್ಟಿಸ್ಟ್ ಸಭೆಯ ಜಾಡು ಹಿಡಿದು ಹಿಂದಕ್ಕೆ ಹೋದರೆ ಕಾಲು ನಿಲ್ಲುವುದು ಆಮ್‌ಸ್ಟರ್‌ಡಾಮಿನಲ್ಲಿ, 1609ರಲ್ಲಿ. ಇಂಗ್ಲೆಂಡಿನ ಗೇನ್ಸ್‌ಬರೊ ಕಡೆಯ ಒಂದು ಗುಂಪು ರಾಜನ ಚರ್ಚನ್ನು ಬಿಟ್ಟು, ಕಿರುಕುಳ ತಾಳಲಾರದೆ ಅಲ್ಲಿಗೆ ಹೋಗಿತ್ತು. ಪಾದ್ರಿ ಜಾನ್ ಸ್ಮಿತ್, ಜೊತೆಗೆ ಅನುಕೂಲಸ್ಥ ಥಾಮಸ್ ಹೆಲ್ವಿಸ್. ಕೂಸಿಗೆ ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ, ನಂಬಿಕೆ ಇಟ್ಟವರಿಗೆ ಮಾತ್ರ ಅದು ಸಲ್ಲಬೇಕು ಅಂತ ಸ್ಮಿತ್ ತೀರ್ಮಾನಿಸಿದರು. ಹಾಗಾದರೆ ಸ್ಮಿತ್‌ಗೆ ದೀಕ್ಷಾಸ್ನಾನ ಕೊಡುವವರು ಯಾರು? ಅವರು ತಮ್ಮ ತಲೆಗೆ ತಾವೇ ನೀರು ಸುರಿದುಕೊಂಡರು. ಆಮೇಲೆ ಹೆಲ್ವಿಸ್‌ಗೆ, ಉಳಿದವರಿಗೆ.

ಈಗ ಆ ಹಟಮಾರಿ ಕಥೆಗೆ ಬರೋಣ. ಯೆರೂಸಲೇಮಿನಿಂದ ಇವತ್ತಿನವರೆಗೆ ಬ್ಯಾಪ್ಟಿಸ್ಟರ ಸರಪಳಿ ಒಂದು ಕೊಂಡಿಯೂ ಕಳಚದೆ ಬಂದಿದೆಯಂತೆ. 19ನೇ ಶತಮಾನದ ನಡುವೆ ಅಮೆರಿಕದ ಟೆನೆಸಿಯಲ್ಲಿ ಬ್ಯಾಪ್ಟಿಸ್ಟ್ ಬೋಧಕ ಜೆ. ಆರ್. ಗ್ರೇವ್ಸ್ ಇದಕ್ಕೆ ಚೆನ್ನಾಗಿ ಗಾಳಿ ಹಾಕಿದರು. 1931ರಲ್ಲಿ ಇನ್ನೊಬ್ಬ ಬ್ಯಾಪ್ಟಿಸ್ಟ್ ಪಾದ್ರಿ ಜೆ. ಎಂ. ಕ್ಯಾರಲ್ ಅವರ ಉಪನ್ಯಾಸಗಳು ಕಿರುಪುಸ್ತಕವಾಗಿ ಬಂದವು, ಜೊತೆಗೆ ಕೆಂಪು ಚುಕ್ಕಿಗಳ ಒಂದು ನಕ್ಷೆ. ನನಗೆ ಬರುವ ಪ್ರಶ್ನೆಗಳೆಲ್ಲ ಆ ನಕ್ಷೆಯ ಮೊಮ್ಮಕ್ಕಳೇ.

ಈ ಸರಪಳಿಯ ಕೊಂಡಿಗಳು ಅಂತ ಅವರು ತೋರಿಸುವ ಹಳೆಯ ಗುಂಪುಗಳನ್ನು ಒಂದೊಂದಾಗಿ ಎಳೆದು ನೋಡಿ. ಮೊದಲು ಉತ್ತರ ಆಫ್ರಿಕಾದ ಡೊನಾಟಿಸ್ಟರು, 4ನೇ ಶತಮಾನ. ಬೇರೆ ಕಡೆಯಿಂದ ಬಂದವರಿಗೆ ಇವರು ಮತ್ತೆ ದೀಕ್ಷಾಸ್ನಾನ ಕೊಡುತ್ತಿದ್ದರು. ಅಷ್ಟಕ್ಕೇ ಬ್ಯಾಪ್ಟಿಸ್ಟರಾಗಿಬಿಟ್ಟರಾ? ಇವರ ಜಗಳ ಕೂಸುಗಳ ವಿಷಯಕ್ಕಲ್ಲ. ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ರೋಮಿನ ಅಧಿಕಾರಿಗಳಿಗೆ ಒಪ್ಪಿಸಿದ ಬಿಷಪ್ಪರ ಕೈಯ ಸಂಸ್ಕಾರ ಸಲ್ಲುತ್ತದೋ ಇಲ್ಲವೋ ಎಂಬುದಕ್ಕೆ. ಇವರಿಗೂ ಸಾಲುಗಟ್ಟಲೆ ಬಿಷಪ್ಪರಿದ್ದರು.

ಮುಂದೆ ದಕ್ಷಿಣ ಫ್ರಾನ್ಸಿನ ಅಲ್ಬಿಜೆನ್ಸರು, ಅಂದರೆ ಕ್ಯಾಥರರು. ಕಣ್ಣಿಗೆ ಕಾಣುವ ಈ ಲೋಕವೇ ಕೆಟ್ಟ ಶಕ್ತಿಯ ಕೆಲಸ ಅಂತ ನಂಬಿದ್ದವರು ಇವರು. ಹಾಗಾಗಿ ನೀರಿನ ದೀಕ್ಷಾಸ್ನಾನವೇ ಇವರಿಗೆ ಬೇಡ. ತಲೆಯ ಮೇಲೆ ಕೈ ಇಟ್ಟರೆ ದೀಕ್ಷೆ ಮುಗಿಯಿತು. ನೀರೇ ಬೇಡ ಅಂದವರು ಬ್ಯಾಪ್ಟಿಸ್ಟರ ಪೂರ್ವಿಕರಂತೆ! ಇನ್ನೊಂದು ಕೊಂಡಿ ಅನ್ನಿಸಿಕೊಂಡ ವಾಲ್ಡೆನ್ಸರು ಇಟಲಿಯಲ್ಲಿ ಇವತ್ತಿಗೂ ಇದ್ದಾರೆ, ಕೂಸುಗಳಿಗೆ ದೀಕ್ಷಾಸ್ನಾನ ಕೊಡುತ್ತಲೇ ಇದ್ದಾರೆ. ಈ ಗುಂಪುಗಳಿಗೆಲ್ಲ ಇದ್ದ ಒಂದೇ ಹೋಲಿಕೆ, ರೋಮಿನ ಚರ್ಚಿನ ಜೊತೆ ಜಗಳ. ಒಬ್ಬನ ಜೊತೆ ಜಗಳವಾಡಿದವರೆಲ್ಲ ಅಣ್ಣತಮ್ಮಂದಿರಾಗುವುದಿಲ್ಲ.

ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿದೆ. ಸರಪಳಿ ಇಲ್ಲ ಅಂತ ಒಪ್ಪಿಕೊಂಡಿದ್ದರಿಂದಲೇ ಅಲ್ಲವೇ ಸ್ಮಿತ್ ತಮಗೆ ತಾವೇ ನೀರು ಹಾಕಿಕೊಂಡಿದ್ದು? ಸ್ವಲ್ಪ ಸಮಯದಲ್ಲೇ ಅವರಿಗೆ ಅನುಮಾನ ಬಂತು. ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಕೊಡುತ್ತ ಪಕ್ಕದಲ್ಲೇ ಇದ್ದ ಮೆನ್ನೊನೈಟರ ಬಳಿಗೇ ಹೋಗಬೇಕಿತ್ತೇನೋ ಅನ್ನಿಸಿ, ಅವರ ಸಭೆ ಸೇರಲು ಅರ್ಜಿ ಹಾಕಿದರು. ಹೆಲ್ವಿಸ್ ಒಪ್ಪಲಿಲ್ಲ. ದೇವರ ಸಭೆಗೆ ವಂಶಾವಳಿ ಬೇಕಿಲ್ಲ ಎಂದು ಬೇರೆಯಾದರು. ಅಂದರೆ ಬ್ಯಾಪ್ಟಿಸ್ಟರ ಮೊದಲ ಒಡಕಿಗೇ ಈ ಸರಪಳಿ ಒಂದು ಕಾರಣ. ಅದು ಬೇಡ ಅಂದವರೇ 1612ರ ಹೊತ್ತಿಗೆ ಲಂಡನ್ನಿಗೆ ಮರಳಿ, ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸಭೆ ನಡೆಸಿದರು. ಜನರ ಆತ್ಮದ ಮೇಲೆ ರಾಜನಿಗೆ ಅಧಿಕಾರವಿಲ್ಲ ಅಂತ ಬರೆದ ಹೆಲ್ವಿಸ್ ನ್ಯೂಗೇಟ್ ಜೈಲು ಸೇರಿದರು, ಅಲ್ಲೇ ತೀರಿಕೊಂಡರು.

ಹಾಗಾದರೆ ಇತಿಹಾಸಕಾರರು ಯಾವುದಕ್ಕೆ ಜಗಳವಾಡುತ್ತಾರೆ? ಕೂಸಾಗಿದ್ದಾಗ ದೀಕ್ಷಾಸ್ನಾನ ಆದವರಿಗೂ ದೊಡ್ಡವರಾದ ಮೇಲೆ ಮತ್ತೆ ಕೊಡುತ್ತಿದ್ದ ಅನಾಬ್ಯಾಪ್ಟಿಸ್ಟರ ಬಗ್ಗೆ. ಬ್ಯಾಪ್ಟಿಸ್ಟರು ಅವರಿಂದ ಬಂದರಾ ಅನ್ನುವುದೇ ಜಗಳ. 1525ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾದ ಆ ಚಳವಳಿಯ ಮಕ್ಕಳೇ ಮೆನ್ನೊನೈಟರು. ಸ್ಮಿತ್ ಗುಂಪು ತಂಗಿದ್ದ ಬೇಕರಿ ಕಟ್ಟಡವೂ ಮೆನ್ನೊನೈಟ್ ಒಬ್ಬರದ್ದೇ. ಗಾಳಿ ಸೋಕದೆ ಇರುತ್ತದಾ? ಆದರೆ ಆ ಗುಂಪಿನ ಬೇರು ರಾಜನ ಚರ್ಚನ್ನು ಇನ್ನೂ ಶುದ್ಧಮಾಡಬೇಕು ಅನ್ನುತ್ತಿದ್ದ ಇಂಗ್ಲೆಂಡಿನ ಪ್ಯೂರಿಟನ್ ಚಳವಳಿಯಲ್ಲಿತ್ತು. ಮೆನ್ನೊನೈಟರು ಆಣೆ ಇಡುವುದಿಲ್ಲ, ಕತ್ತಿ ಹಿಡಿಯುವುದಿಲ್ಲ. ಹೆಲ್ವಿಸ್ ಈ ಎರಡನ್ನೂ ಒಪ್ಪಲಿಲ್ಲ. ನನ್ನ ಮಟ್ಟಿಗೆ ಮೆನ್ನೊನೈಟರು ನೆರೆಮನೆಯವರು, ಅಪ್ಪಅಮ್ಮ ಅಲ್ಲ.

ನೀರಲ್ಲಿ ಪೂರ್ತಿ ಮುಳುಗಿಸುವುದು ಇನ್ನೂ ಆಮೇಲೆ ಬಂದಿದ್ದು. 1630ರ ದಶಕದಲ್ಲಿ ಲಂಡನ್ನಿನಲ್ಲಿ ಕ್ಯಾಲ್ವಿನ್ ಪಂಥದ, ಅಂದರೆ ದೇವರು ಆರಿಸಿಕೊಂಡವರಿಗಷ್ಟೇ ರಕ್ಷಣೆ ಅಂತ ನಂಬುವ, ಇನ್ನೊಂದು ಬ್ಯಾಪ್ಟಿಸ್ಟ್ ಕವಲು ಹುಟ್ಟಿತು. ಅವರು 1641ರ ಸುಮಾರಿಗೆ ಮುಳುಗಿಸಲು ಶುರುಮಾಡಿದರು. 1644ರಲ್ಲಿ ಏಳು ಸಭೆಗಳು ಸೇರಿ ತಮ್ಮ ನಂಬಿಕೆಯ ಹೇಳಿಕೆಯಲ್ಲೇ ಅದನ್ನು ಬರೆದವು. ಅಮೆರಿಕದ ಲೂಯಿವಿಲ್‌ನಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಬ್ಯಾಪ್ಟಿಸ್ಟ್ ಸೆಮಿನರಿಯ ಅಧ್ಯಕ್ಷ ವಿಲಿಯಂ ವಿಟ್ಸಿಟ್ ಈ 1641ರ ಮಾತು ಹೇಳಿದ್ದಕ್ಕೆ ಎದ್ದ ಗಲಾಟೆ ಎಷ್ಟೆಂದರೆ, 1899ರಲ್ಲಿ ಅವರು ಕುರ್ಚಿಯನ್ನೇ ಬಿಡಬೇಕಾಯಿತು.

ಯಾರೂ ಕೇಳಲಿಲ್ಲ, ಆದರೂ ಇದೊಂದು ಹೇಳಿಬಿಡುತ್ತೇನೆ. ಇದೇ ಎರಡನೇ ಕವಲಿನವರು ವಿಲಿಯಂ ಕೇರಿ. ಚಪ್ಪಲಿ ಹೊಲಿಯುತ್ತಿದ್ದವರು, 1793ರಲ್ಲಿ ಬಂಗಾಳಕ್ಕೆ ಬಂದರು. 1817ರಲ್ಲಿ ಅಲ್ಲಿನ ಶ್ರೀರಾಮಪುರದ ಪ್ರೆಸ್ಸಿನಿಂದ ಅವರ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿ ಹೊರಬಂತು. ಹಾಗಂತ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಬ್ಯಾಪ್ಟಿಸ್ಟರಾ ಅಂತ ಕೇಳಬೇಡಿ. ಅವರು ಕೂಸುಗಳಿಗೂ ದೀಕ್ಷಾಸ್ನಾನ ಕೊಡುತ್ತಿದ್ದವರು.